ಫ್ಲಾಟ್ ಪೆಡಲ್‌ಗೆ 3,000 ರೂಪಾಯಿ ಒಳಗೆ ಯಾವ ಶೂ? ಕಾಲು ಕೆತ್ತಿಸಿಕೊಂಡು ಕೇಳುತ್ತಿದ್ದೇನೆ

ತುರಹಳ್ಳಿ_ಧೂಳು · ಸೋಮವಾರ ಬೆಳಿಗ್ಗೆ

ಎಲ್ಲರಿಗೂ ನಮಸ್ಕಾರ. ಒಂದು ವರ್ಷದಿಂದ ಇಲ್ಲಿ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಇವತ್ತು ಬರೆಯುವ ಹಾಗೆ ಮಾಡಿದ್ದು ನನ್ನ ಬಲಗಾಲು.

ನನ್ನ ಸೈಕಲ್‌ನಲ್ಲಿರುವುದು ಫ್ಲಾಟ್ ಪೆಡಲ್, ಅಂದರೆ ಶೂಗೆ ಲಾಕ್ ಆಗದ ಮಾಮೂಲಿ ಚಪ್ಪಟೆ ಪೆಡಲ್. ನಿನ್ನೆ ತುರಹಳ್ಳಿ ಕಡೆ ಒಂದು ಬಂಡೆ ಇಳಿಯುತ್ತಿದ್ದೆ. ದೊಡ್ಡದೇನಲ್ಲ, ಎರಡು ಮೆಟ್ಟಿಲಿನಷ್ಟು. ಸೈಕಲ್ ಕೆಳಗೆ ಕುಕ್ಕಿದ ಕೂಡಲೇ ಬಲಗಾಲು ಪೆಡಲ್ ಬಿಟ್ಟು ಮೇಲೆದ್ದಿತು. ಪೆಡಲ್ ಗಿರ್ರಂತ ತಿರುಗಿ ಬಂದು ಮೊಣಕಾಲಿನ ಕೆಳಗಿನ ಮೂಳೆಗೆ ಬಡಿಯಿತು. ತೆಂಗಿನಕಾಯಿ ತುರಿಯುವ ಮಣೆಗೆ ಕಾಲು ಉಜ್ಜಿದ ಹಾಗಾಗಿದೆ. ಟಿಟಿ ಇಂಜೆಕ್ಷನ್ ಆಯಿತು. ಮನೆಯಲ್ಲಿ ಬೈಸಿಕೊಂಡದ್ದೂ ಆಯಿತು.

ಹಾಕಿಕೊಂಡಿದ್ದು ಮೂರು ವರ್ಷ ಹಳೆಯ ರನ್ನಿಂಗ್ ಶೂ. ಈ ಸವಾರಿಗೆ ಅಂತಲೇ ಮಾಡಿದ ಫೈವ್ ಟೆನ್ ಶೂ ಹುಡುಕಿದೆ, ಬೆಲೆ ನೋಡಿ ಫೋನ್ ಪಕ್ಕಕ್ಕಿಟ್ಟೆ. ಸೈಕಲ್ ಬೆಲೆಯ ಕಾಲು ಭಾಗ ಕಾಲಿಗೇ ಹೋದರೆ ಹೇಗೆ?

ನನ್ನ ಬಜೆಟ್ 3,000. ತೀರಾ ಅಂದರೆ 3,500. ಅಟ್ಟದ ಮೇಲೆ ಒಂದು ಟ್ರೆಕಿಂಗ್ ಶೂ ಇದೆ, ಅದೇ ಸಾಕಾ? ಸ್ಕೇಟ್‌ಬೋರ್ಡ್‌ನವರು ಹಾಕುವ ಸ್ಕೇಟ್ ಶೂ ಅಂತಾರಲ್ಲ, ಅದು ನಿಜವಾಗಿ ಹಿಡಿಯುತ್ತಾ? ಭಾನುವಾರ ಬೆಳಿಗ್ಗೆ ಎರಡು ಮೂರು ಗಂಟೆ ಓಡಿಸುವವನು ನಾನು. ರೇಸ್ ಗೀಸ್ ಏನೂ ಇಲ್ಲ.

ಕೆಸರುಗಾಲಿ

ಟ್ರೆಕಿಂಗ್ ಶೂ ಬೇಡ. ಅದರ ಸೋಲ್‌ನಲ್ಲಿ ದೊಡ್ಡ ದೊಡ್ಡ ಗಟ್ಟಿ ಉಬ್ಬುಗಳಿರುತ್ತವೆ. ಪೆಡಲ್ ಪಿನ್, ಅಂದರೆ ಶೂ ಹಿಡಿಯಲು ಪೆಡಲ್ ಮೇಲೆ ಎದ್ದು ನಿಂತಿರುವ ಸಣ್ಣ ಮೊಳೆಗಳು, ಆ ಉಬ್ಬಿನ ಮೇಲೂ ನಾಟುವುದಿಲ್ಲ, ಸಂದಿಯಲ್ಲೂ ಸರಿಯಾಗಿ ಕೂರುವುದಿಲ್ಲ. ಕೂತರೆ ಆಮೇಲೆ ಕಾಲು ಅರ್ಧ ಇಂಚು ಸರಿಸೋಕೂ ಬಿಡುವುದಿಲ್ಲ.

ಕ್ಲಿಕ್_ಕ್ಲಿಕ್

ಕ್ಲಿಪ್‌ಲೆಸ್ ಹಾಕಿಸಿ ಗುರು. ಕಾಲು ಜಾರುವ ಮಾತೇ ಇಲ್ಲ.

ಕೆಸರುಗಾಲಿ

@ಕ್ಲಿಕ್_ಕ್ಲಿಕ್ ಬಂದೇಬಿಟ್ಟಿರಿ. ನೀವು ಇನ್ನೂ ಬಂದಿಲ್ಲವಲ್ಲ ಅಂದುಕೊಳ್ಳುತ್ತಿದ್ದೆ. ಅವರು ಕೇಳಿದ್ದು ಫ್ಲಾಟ್ ಪೆಡಲ್‌ಗೆ ಶೂ. ಅದೂ 3,000ಕ್ಕೆ.

ಲೆಕ್ಕದ_ಮೇಷ್ಟ್ರು

ನನಗೊಂದು ಅನುಮಾನ. ಕಾಲನ್ನು ಲಾಕ್ ಮಾಡುವ ಪೆಡಲ್‌ಗೆ ಕ್ಲಿಪ್‌ಲೆಸ್ ಅಂತ ಯಾಕೆ ಹೆಸರು? ಕ್ಲಿಪ್ ಇದೆಯಲ್ಲ?

ಹಳೇಟ್ಯೂಬ್

@ಲೆಕ್ಕದ_ಮೇಷ್ಟ್ರು ಹಿಂದೆ ಪೆಡಲ್ ಮೇಲೆ ಬೆರಳಿಗೆ ಒಂದು ಪಂಜರ, ಅದರ ಸುತ್ತ ಬೆಲ್ಟು ಇರುತ್ತಿತ್ತು. ಅದಕ್ಕೆ ಟೋ ಕ್ಲಿಪ್ ಅಂತಿದ್ದರು. 1984ರಲ್ಲಿ ಲುಕ್ ಕಂಪನಿಯವರು ಆ ಪಂಜರ ತೆಗೆದು, ಶೂ ಅಡಿಯ ಪಟ್ಟಿಯೇ ಪೆಡಲ್‌ಗೆ ಕಚ್ಚಿಕೊಳ್ಳುವ ಹಾಗೆ ಮಾಡಿದರು. ಪಂಜರ ಇಲ್ಲದ್ದು, ಹಾಗಾಗಿ ಕ್ಲಿಪ್‌ಲೆಸ್. ಗುಡ್ಡದ ಸೈಕಲ್‌ನವರು ಬಳಸುವ ಶಿಮಾನೋ ಎಸ್‌ಪಿಡಿ ಬಂದದ್ದು 1990ರಲ್ಲಿ.

ಅದಿರಲಿ. @ತುರಹಳ್ಳಿ_ಧೂಳು ಎಲ್ಲರೂ ಶೂ ಶೂ ಅಂತಿದ್ದಾರೆ, ನಿಮ್ಮ ಪೆಡಲ್ ಯಾವುದು? ಫೋಟೋ ಹಾಕಿ.

ಬಾದಾಮಿ_ಬಂಡೆ

ನಾನು ಸೈಕಲ್‌ಗಿಂತ ಜಾಸ್ತಿ ಬಂಡೆ ಹತ್ತುವವನು, ಬಾದಾಮಿ, ರಾಮನಗರ ಕಡೆ. ಶೂ ರಬ್ಬರ್ ಬಗ್ಗೆ ಎರಡು ಮಾತು ಹೇಳಬಹುದು ಅನಿಸುತ್ತದೆ.

ಫೈವ್ ಟೆನ್ ಅನ್ನುವ ಹೆಸರೇ ನಮ್ಮ ಬಂಡೆ ಹತ್ತುವವರ ಕಡೆಯದು. ಅಮೆರಿಕದ ಯೊಸೆಮಿಟಿಯಲ್ಲಿ ಬಂಡೆ ಹತ್ತುವ ದಾರಿಗಳಿಗೆ ಕಷ್ಟದ ಲೆಕ್ಕದಲ್ಲಿ ಅಂಕ ಕೊಡುತ್ತಾರೆ, 5.8, 5.9, 5.10 ಹೀಗೆ. ಆ 5.10 ಅನ್ನು ಓದುವುದೇ ಫೈವ್ ಟೆನ್ ಅಂತ. ಚಾರ್ಲ್ಸ್ ಕೋಲ್ ಅನ್ನುವ ಹತ್ತುಗಾರ 1985ರಲ್ಲಿ ಈ ಕಂಪನಿ ಶುರು ಮಾಡಿದ್ದು ಬಂಡೆಯ ಮೇಲೆ ಅಂಟಿ ನಿಲ್ಲುವ ರಬ್ಬರ್ ಇಟ್ಟುಕೊಂಡು. ಸ್ಟೆಲ್ತ್ ಅಂತ ಅದರ ಹೆಸರು. ಸೈಕಲ್‌ನವರು ಆ ರಬ್ಬರ್‌ಗೆ ಮರುಳಾದದ್ದು ಆಮೇಲೆ. 2011ರಲ್ಲಿ ಅಡಿಡಾಸ್ ಕಂಪನಿಯನ್ನೇ ಕೊಂಡುಕೊಂಡಿತು.

ಈ ರಬ್ಬರ್‌ನ ಗುಟ್ಟು ಏನು ಅಂದರೆ ಮೆದು, ಆದರೆ ಸ್ಪಂಜಿನ ಥರ ಪುಟಿಯುವುದಿಲ್ಲ. ಒತ್ತಿದರೆ ನಿಧಾನವಾಗಿ ಮೇಲೆ ಬರುತ್ತದೆ. ಪೆಡಲ್ ಪಿನ್ ಒಳಗಿಳಿದರೆ ಅಲ್ಲೇ ಕೂರುತ್ತದೆ. ನಿಮ್ಮ ರನ್ನಿಂಗ್ ಶೂ ಇದಕ್ಕೆ ಪೂರ್ತಿ ಉಲ್ಟಾ. ಕೆಳಗೆ ಹಾಳೆಯಷ್ಟು ತೆಳು ಗಟ್ಟಿ ರಬ್ಬರ್, ಮೇಲೆ ಎರಡು ಬೆರಳು ದಪ್ಪ ಫೋಮ್. ಪ್ರತಿ ಹೆಜ್ಜೆಯನ್ನೂ ಮೇಲಕ್ಕೆ ಎಸೆಯಲಿ ಅಂತಲೇ ಆ ಫೋಮ್ ಇರುವುದು. ನೀವು ಬಂಡೆಯಿಂದ ಕುಕ್ಕಿದಾಗ ಅದು ಅದರ ಕೆಲಸ ಮಾಡಿದೆ, ನಿಮ್ಮ ಕಾಲನ್ನು ಮೇಲಕ್ಕೆ ಎಸೆದಿದೆ. ಶೂನದ್ದೇನೂ ತಪ್ಪಿಲ್ಲ.

ಅಂಗಡಿಯಲ್ಲಿ ಸೋಲ್ ನೋಡುವಾಗ ಹೆಬ್ಬೆರಳಿನ ಉಗುರು ಒತ್ತಿ ನೋಡಿ. ಗುರುತು ಬಿದ್ದು ನಿಧಾನವಾಗಿ ಮಾಯವಾದರೆ ಒಳ್ಳೆಯದು. ಉಗುರೇ ಇಳಿಯದಿದ್ದರೆ ವಾಪಸ್ ಇಡಿ.

ತುರಹಳ್ಳಿ_ಧೂಳು

@ಬಾದಾಮಿ_ಬಂಡೆ ಈಗಷ್ಟೇ ನನ್ನ ಶೂಗೆ ಉಗುರು ಒತ್ತಿದೆ. ಉಗುರು ಮಡಚಿಕೊಂಡಿತು.

@ಹಳೇಟ್ಯೂಬ್ ಫೋಟೋ ಹಾಕಿದ್ದೇನೆ. ಆನ್‌ಲೈನ್‌ನಲ್ಲಿ 700 ರೂಪಾಯಿಗೆ ತಗೊಂಡ ಅಲ್ಯೂಮಿನಿಯಂ ಪೆಡಲ್. ಸೈಕಲ್ ಜೊತೆ ಬಂದ ಪ್ಲಾಸ್ಟಿಕ್‌ಗಿಂತ ಗಟ್ಟಿಯಾಗಿದೆ ಅಂತ ತಗೊಂಡೆ.

ಹಳೇಟ್ಯೂಬ್

ಅಂದುಕೊಂಡಿದ್ದೇ ಆಯಿತು. ಇದರಲ್ಲಿ ಪಿನ್ನೇ ಇಲ್ಲವಲ್ಲ ಸ್ವಾಮಿ. ಅಂಚನ್ನು ಗರಗಸದ ಹಾಗೆ ಕತ್ತರಿಸಿದ್ದಾರೆ ಅಷ್ಟೇ. ಇದು ಸೋಲ್ ಹಿಡಿಯುವುದಿಲ್ಲ, ಚರ್ಮ ಮಾತ್ರ ಚೆನ್ನಾಗಿ ಹಿಡಿಯುತ್ತದೆ.

ಮೊದಲು ಪೆಡಲ್ ಬದಲಾಯಿಸಿ, ಶೂ ಆಮೇಲೆ. ಒಳ್ಳೆಯ ಪೆಡಲ್‌ನಲ್ಲಿ ಪ್ರತಿ ಬದಿಗೂ ಎಂಟೋ ಹತ್ತೋ ಬೇರೆ ಬೇರೆ ಪಿನ್ ಇರುತ್ತವೆ. ತಲೆಯಿಲ್ಲದ ಸಣ್ಣ ಸ್ಕ್ರೂ ಥರ, ನಾಲ್ಕೈದು ಮಿಲಿಮೀಟರ್ ಎತ್ತರ. ಸವೆದರೆ ಅಥವಾ ಕಲ್ಲಿಗೆ ಬಡಿದು ಮುರಿದರೆ ಅದೊಂದನ್ನೇ ಬದಲಿಸಬಹುದು. ನಡುಭಾಗ ಸ್ವಲ್ಪ ತಗ್ಗಾಗಿದ್ದರೆ ಇನ್ನೂ ಒಳ್ಳೆಯದು, ಪಾದ ತಟ್ಟೆಯೊಳಗೆ ಕೂತ ಹಾಗೆ ಕೂರುತ್ತದೆ. ಮೈ ನೈಲಾನ್ ಆಗಿದ್ದರೂ ಪರವಾಗಿಲ್ಲ, ಪಿನ್ ಉಕ್ಕಿನದಾಗಿರಲಿ. ರೇಸ್‌ಫೇಸ್ ಚೆಸ್ಟರ್, ಕ್ರ್ಯಾಂಕ್‌ಬ್ರದರ್ಸ್ ಸ್ಟ್ಯಾಂಪ್ 1 ಎಲ್ಲ ಇದೇ ಜಾತಿ. ಅದಕ್ಕಿಂತ ಕಡಿಮೆಗೂ ಸಿಗುತ್ತವೆ. ನೈಲಾನ್ ಕಲ್ಲಿಗೆ ತಗುಲಿದರೆ ಜಾರಿಕೊಂಡು ಹೋಗುತ್ತದೆ, ಅಲ್ಯೂಮಿನಿಯಂ ಕಚ್ಚಿಕೊಂಡು ನಿಮ್ಮನ್ನೇ ಎಸೆಯುತ್ತದೆ.

ಕೆಸರುಗಾಲಿ

@ಹಳೇಟ್ಯೂಬ್ ಒಪ್ಪುವುದಿಲ್ಲ. ಎಷ್ಟೇ ಒಳ್ಳೆ ಪಿನ್ ಇರಲಿ, ಆ ಫೋಮ್ ಶೂ ಹಾಕಿದರೆ ಮತ್ತೆ ಜಾರುತ್ತಾರೆ. ಆಗ ಉಕ್ಕಿನ ಪಿನ್ ಬಡಿಯುವುದು ಇನ್ನೂ ಚೆಂದ. ಶೂ ಮೊದಲು.

ಹಳೇಟ್ಯೂಬ್

ಒಳ್ಳೆ ಶೂ ಹಾಕಿಕೊಂಡು ಆ ಗರಗಸದ ಮೇಲೆ ನಿಂತರೆ ಎರಡು ತಿಂಗಳಲ್ಲಿ ಶೂ ಗರಗಸಕ್ಕೇ ಬಲಿ.

ಕೆಸರುಗಾಲಿ

ಎರಡು ತಿಂಗಳಾದರೂ ಕಾಲು ಉಳಿಯುತ್ತದಲ್ಲ.

ಲೆಕ್ಕದ_ಮೇಷ್ಟ್ರು

ಇಬ್ಬರೂ ಸ್ವಲ್ಪ ತಡೆಯಿರಿ. 3,500ರಲ್ಲಿ ಪೆಡಲ್‌ಗೆ 1,500, ಶೂಗೆ 2,000. ಮುಗಿಯಿತು ಲೆಕ್ಕ.

ಧಾರವಾಡ_ಪೇಡಲ್

2,000ಕ್ಕೆ ಶೂ ಅಂದ್ರ ನನ್ನ ಓಟು ಬ್ಯಾಡ್ಮಿಂಟನ್ ಶೂಗೆ ನೋಡ್ರಿ. ಸೋಲ್ ಚಪ್ಪಟೆ, ಬೆಲ್ಲದ ಬಣ್ಣದ ಗಮ್ ರಬ್ಬರ್, ಮೆತ್ತಗೆ. ಪಿನ್ ಚೆನ್ನಾಗಿ ನಾಟುತ್ತದೆ. ಊರೂರಿನ ಸ್ಪೋರ್ಟ್ಸ್ ಅಂಗಡಿಯಲ್ಲಿ ಸಿಗುತ್ತದೆ, ಹುಬ್ಬಳ್ಳಿಗೆ ಹೋಗುವ ಕೆಲಸವೂ ಇಲ್ಲ. ನಾನು 1,400 ಕೊಟ್ಟು ತಂದದ್ದು ಒಂದೂವರೆ ವರ್ಷ ಓಡಿದೆ.

ಚೈನ್_ಎಣ್ಣೆ

@ಧಾರವಾಡ_ಪೇಡಲ್ ಅಣ್ಣ, ನಾನೂ ಅದನ್ನೇ ಮಾಡಿದ್ದೆ. ಹಿಡಿತದ ಬಗ್ಗೆ ನಿಮ್ಮ ಮಾತು ನೂರಕ್ಕೆ ನೂರು ಸರಿ. ಆದರೆ ಒಂದು ಗಂಟೆ ಆದಮೇಲೆ ಅಂಗಾಲಿನ ಗುಳಿಯಲ್ಲಿ ಜೋಮು ಹಿಡಿಯುತ್ತಿತ್ತು. ಬ್ಯಾಡ್ಮಿಂಟನ್ ಶೂ ಕೋರ್ಟಿನಲ್ಲಿ ಎಲ್ಲ ಕಡೆ ಬಗ್ಗಬೇಕು, ಅದಕ್ಕೇ ಮೆತ್ತಗೆ ಮಾಡಿರುತ್ತಾರೆ. ಪೆಡಲ್ ಮೇಲೆ ನಿಂತರೆ ಶೂ ಪೆಡಲ್‌ನ ಎರಡೂ ಕಡೆ ಬಾಳೆಲೆ ಥರ ಬಾಗುತ್ತದೆ. ಭಾರವೆಲ್ಲ ಅಂಗಾಲಿನ ನಡುವೆ.

ಇನ್ನೊಂದು, ಗಮ್ ಸೋಲ್ ಅಷ್ಟೇನೂ ದಪ್ಪ ಇರುವುದಿಲ್ಲ. ನನ್ನದು ಐದೇ ತಿಂಗಳಲ್ಲಿ ಪಿನ್ ಇರುವ ಜಾಗದಲ್ಲೆಲ್ಲ ಇಲಿ ಕಚ್ಚಿದ ಹಾಗಾಗಿತ್ತು.

ಧಾರವಾಡ_ಪೇಡಲ್

ಒಳಗೆ ಗಟ್ಟಿ ಇನ್‌ಸೋಲ್ ಹಾಕಬೇಕ್ರಿ. ನಾನು ಹಳೇ ಆಫೀಸ್ ಶೂದೊಳಗಿನ ಹಲಗೆಯಂಥ ಪಟ್ಟಿ ಕತ್ತರಿಸಿ ಒಳಗಿಟ್ಟಿದ್ದೇನೆ. ಜೋಮೂ ಇಲ್ಲ, ಏನೂ ಇಲ್ಲ.

ಕ್ಲಿಕ್_ಕ್ಲಿಕ್

ಆಫೀಸ್ ಶೂ ಕತ್ತರಿಸಿ ಬ್ಯಾಡ್ಮಿಂಟನ್ ಶೂ ಒಳಗಿಟ್ಟು ಸೈಕಲ್ ತುಳಿಯುವುದು! ಒಂದು ಜೊತೆ ಎಸ್‌ಪಿಡಿ ತಗೊಂಡಿದ್ದರೆ ಆಗಿತ್ತಲ್ಲ.

ಧಾರವಾಡ_ಪೇಡಲ್

ನಿಮ್ಮದು ಬಿಚ್ಚಿಕೊಳ್ಳದೆ ಸಿಗ್ನಲ್‌ನಲ್ಲಿ ನಿಂತಲ್ಲೇ ಬಿದ್ದ ಕಥೆ ನೀವೇ ಹೋದ ವರ್ಷ ಇಲ್ಲಿ ಬರೆದಿದ್ದಿರಿ. ನೆನಪೈತ್ರಿ?

ಕ್ಲಿಕ್_ಕ್ಲಿಕ್

ಅದು ಒಂದೇ ಸಲ.

ಯಲಹಂಕ_ಅಕ್ಕ

ಸ್ಕೇಟ್ ಶೂ ಬಗ್ಗೆ ಕೇಳಿದ್ದಿರಲ್ಲ, ಅದಕ್ಕೆ ಯಾರೂ ಉತ್ತರವೇ ಕೊಟ್ಟಿಲ್ಲ. ನಾನು ನಾಲ್ಕು ವರ್ಷದಿಂದ ಅದರಲ್ಲೇ ಅವಲಹಳ್ಳಿ ಕಡೆ ಓಡಿಸುತ್ತಿದ್ದೇನೆ.

ಸ್ಕೇಟ್ ಶೂಗಳಲ್ಲಿ ಎರಡು ಥರ. ಒಂದರಲ್ಲಿ ಮೇಲ್ಭಾಗಕ್ಕೂ ಸೋಲ್‌ಗೂ ಸುತ್ತ ಒಂದು ರಬ್ಬರ್ ಪಟ್ಟಿ ಅಂಟಿಸಿ ಬೇಯಿಸಿರುತ್ತಾರೆ, ಶಾಲೆಯ ಕ್ಯಾನ್ವಾಸ್ ಶೂ ಥರ. ಅದಕ್ಕೆ ವಲ್ಕನೈಸ್ಡ್ ಅಂತಾರೆ. ತೆಳು, ಪೆಡಲ್ ಚೆನ್ನಾಗಿ ಗೊತ್ತಾಗುತ್ತದೆ, ಆದರೆ ಬಾಗುತ್ತದೆ. ಇನ್ನೊಂದು ಕಪ್‌ಸೋಲ್. ಸೋಲ್ ಒಂದು ಬಟ್ಟಲಿನ ಹಾಗಿದ್ದು ಅದರೊಳಗೆ ಶೂ ಕೂರಿಸಿರುತ್ತಾರೆ. ಸೋಲ್‌ನ ಪಕ್ಕದಲ್ಲಿ ಸುತ್ತಲೂ ಹೊಲಿಗೆ ಕಂಡರೆ ಹೆಚ್ಚಾಗಿ ಅದೇ. ಇದು ಗಟ್ಟಿ. ಎರಡು ಮೂರು ಗಂಟೆ ಓಡಿಸುವುದಾದರೆ ಕಪ್‌ಸೋಲ್ ತಗೊಳ್ಳಿ.

ವ್ಯಾನ್ಸ್ ಅನ್ನುವ ಸ್ಕೇಟ್ ಶೂ ಕಂಪನಿ ದೋಸೆಕಲ್ಲಿನ ಮೇಲೆ ಗೆರೆ ಎಳೆದ ಹಾಗಿರುವ ಸೋಲ್ ಇಟ್ಟುಕೊಂಡು 1966ರಿಂದ ನಡೆಸಿಕೊಂಡು ಬಂದಿದೆ. ಅದು ಮಾಡಿದ್ದು ಪೆಡಲ್‌ಗಾಗಿ ಅಲ್ಲ, ಆದರೂ ಪಿನ್ ಅದರ ಗೆರೆಗಳಲ್ಲಿ ಚೆನ್ನಾಗಿ ಕೂರುತ್ತದೆ. ಆಫರ್ ಇದ್ದಾಗ ನಿಮ್ಮ ಬಜೆಟ್ ಹತ್ತಿರ ಬರುತ್ತದೆ. ಹೆಸರು ಬೇಡ ಅಂದರೆ ಸೋಲ್ ನೋಡಿ ಯಾವುದಾದರೂ ತಗೊಳ್ಳಿ.

ಹೆಂಗಸರಿಗೆ ಇನ್ನೊಂದು ಮಾತು. ನನ್ನ ಪಾದ ಚಿಕ್ಕದು, ಸೈಜ್ 4. ಅಂಗಡಿಯವರು ಮೊದಲು ಗುಲಾಬಿ ಬಣ್ಣದ್ದು ತೋರಿಸುತ್ತಾರೆ, ಬೆಲೆಯೂ ಜಾಸ್ತಿ. ನಾನು ಸೀದಾ ಹುಡುಗರ ಸೈಜ್ ಇರುವ ಕಡೆ ಹೋಗುತ್ತೇನೆ. ಅದೇ ಶೂ, ಅದೇ ಸೋಲ್, ಸುಮಾರು 800 ಕಡಿಮೆಗೆ ಸಿಕ್ಕಿತು.

ಚೈನ್_ಎಣ್ಣೆ

@ಯಲಹಂಕ_ಅಕ್ಕ ಮಳೆಯಲ್ಲಿ ಹೇಗೆ ಅಕ್ಕ? ನನ್ನ ಸ್ನೇಹಿತನ ಸ್ಕೇಟ್ ಶೂ ಒದ್ದೆಯಾದರೆ ಮೂರು ದಿನ ಒಣಗುವುದಿಲ್ಲ.

ಯಲಹಂಕ_ಅಕ್ಕ

ನಿಜ, ಸ್ವೀಡ್ ಚರ್ಮ ನೀರು ಕುಡಿಯುತ್ತದೆ. ಒಳಗಿನ ಪಟ್ಟಿ ತೆಗೆದು ನ್ಯೂಸ್ ಪೇಪರ್ ಉಂಡೆ ಮಾಡಿ ತುರುಕಿ, ಎರಡು ಗಂಟೆಗೊಮ್ಮೆ ಬದಲಾಯಿಸಿ. ಬಿಸಿಲಿಗೆ ಇಡಬೇಡಿ, ಅಂಟು ಬಿಡುತ್ತದೆ.

ಇಂಬಳದ_ಗೆಳೆಯ

ಸಕಲೇಶಪುರದಿಂದ ಒಂದು ಮಾತು ಮಾರಾಯ್ರೆ. ನೀವು ಬೆಂಗಳೂರಿನವರು ಒಣ ಬಂಡೆ, ಜಲ್ಲಿ ಮೇಲೆ ಓಡಿಸುವವರು. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ಈ ಚಪ್ಪಟೆ ಸೋಲ್ ಹಾಕಿಕೊಂಡು ಸೈಕಲ್ ಇಳಿದರೆ ಸಾಕು, ತೋಟದ ದಾರಿಯಲ್ಲಿ ನೇರ ಹಳ್ಳಕ್ಕೇ ಹೋಗಿ ನಿಲ್ಲುವುದು. ಪೆಡಲ್ ಮೇಲೆ ಇರುವ ತನಕ ರಾಜ, ನೆಲಕ್ಕೆ ಕಾಲಿಟ್ಟರೆ ಮುಗಿಯಿತು. ತಳ್ಳಿಕೊಂಡು ಹತ್ತುವ ಜಾಗ ಜಾಸ್ತಿ ಇದ್ದರೆ ಮುಂದೆ ಬೆರಳ ಹತ್ತಿರ, ಹಿಂದೆ ಹಿಮ್ಮಡಿ ಹತ್ತಿರ ಸ್ವಲ್ಪ ಹಲ್ಲು ಇದ್ದು ನಡುವೆ ಮಾತ್ರ ಚಪ್ಪಟೆ ಇರುವುದು ನೋಡಿ.

ಮತ್ತೆ ಗಿಡ್ಡ ಶೂ ಆದರೆ ಇಂಬಳ ಹತ್ತುವುದು ಗೊತ್ತೇ ಆಗುವುದಿಲ್ಲ. ಕಾಲುಚೀಲದ ಮೇಲೆ ಸುಣ್ಣ, ಹೊಗೆಸೊಪ್ಪು ಕಲಸಿ ಹಚ್ಚಿಕೊಳ್ಳಿ.

ಲೆಕ್ಕದ_ಮೇಷ್ಟ್ರು

ಉಪ್ಪಿನ ನೀರಲ್ಲಿ ಕಾಲುಚೀಲ ಅದ್ದಿ ಒಣಗಿಸಿದರೂ ಆಗುತ್ತದಲ್ಲ?

ಇಂಬಳದ_ಗೆಳೆಯ

ಮಳೆ ಬಂದ ಹತ್ತು ನಿಮಿಷಕ್ಕೆ ಉಪ್ಪು ತೊಳೆದು ಹೋಗುತ್ತದೆ. ಆಮೇಲೆ ನೀವು, ನಿಮ್ಮ ಇಂಬಳ.

ಹಳೇಟ್ಯೂಬ್

ಶೂ ಬಗ್ಗೆ ಮಾತಾಡೋಣವೇ ದಯವಿಟ್ಟು.

ಡಬಲ್_ಪಂಕ್ಚರ್

ನನ್ನ ಪೆದ್ದುತನವನ್ನೂ ಹೇಳಿಬಿಡುತ್ತೇನೆ, ಇನ್ನೊಬ್ಬರಿಗೆ ಉಪಯೋಗವಾದೀತು.

ಸಣ್ಣವನಿದ್ದಾಗ ಊರಲ್ಲಿ ತಾತ ಟೈರ್ ಚಪ್ಪಲಿ ಹಾಕುತ್ತಿದ್ದರು. ಎಷ್ಟು ವರ್ಷವಾದರೂ ಸವೆಯುತ್ತಿರಲಿಲ್ಲ. ಅದು ತಲೆಯಲ್ಲಿ ಉಳಿದಿತ್ತು. ನನ್ನ ಸ್ಕೇಟ್ ಶೂ ಸೋಲ್ ಪಿನ್‌ಗೆ ಹರಿದು ಹೋದಾಗ ಬಸ್ ಸ್ಟ್ಯಾಂಡ್ ಹತ್ತಿರ ಚಪ್ಪಲಿ ಹೊಲಿಯುವ ಅಜ್ಜನ ಬಳಿ ಹೋಗಿ ಟೈರ್ ಸೋಲ್ ಹಾಕಿ ಅಂದೆ. ಅವರು ಶೂ ತಿರುಗಿಸಿ ತಿರುಗಿಸಿ ನೋಡಿದರು. ಪಿನ್ ತೂತುಗಳ ಮೇಲೆ ಬೆರಳಾಡಿಸಿ "ಇದೇನಪ್ಪಾ, ಮುಳ್ಳಿನ ಮೇಲೆ ಕುಣೀತೀಯಾ?" ಅಂದರು. ಆದರೂ ಹಾಕಿಕೊಟ್ಟರು. ಎರಡೂ ಕಡೆ ಸಲ್ಯೂಷನ್ ಹಚ್ಚಿ, ಒಣಗಲು ಬಿಟ್ಟು, ಅಂಟಿಸಿ, ಸುತ್ತ ಮೇಣ ಸವರಿದ ದಾರದಲ್ಲಿ ಹೊಲಿಗೆ. ಕೆಲಸ ಅಂದರೆ ಕೆಲಸ. 250 ರೂಪಾಯಿ.

ಮೊದಲ ಇಳಿಜಾರಲ್ಲೇ ಎರಡೂ ಕಾಲು ಒಟ್ಟಿಗೆ ಜಾರಿದವು. ಟೈರ್ ರಬ್ಬರ್ ಸವೆಯಬಾರದು ಅಂತ ಗಟ್ಟಿಯಾಗಿ ಮಾಡಿದ್ದು, ಒಳಗೆ ನೂಲಿನ ಪದರ ಬೇರೆ. ಪಿನ್ ಅದರೊಳಗೆ ಇಳಿಯುವುದೇ ಇಲ್ಲ. ತಾತನ ಚಪ್ಪಲಿ ಸವೆಯದೇ ಇದ್ದದ್ದಕ್ಕೂ ನಾನು ಜಾರಿದ್ದಕ್ಕೂ ಕಾರಣ ಒಂದೇ.

ಈಗ ಆ ಶೂ ಹಾಕಿಕೊಂಡು ಮಾರ್ಕೆಟ್‌ಗೆ ಹೋಗುತ್ತೇನೆ. ನಾಲ್ಕು ವರ್ಷವಾಯಿತು, ಏನೂ ಆಗಿಲ್ಲ.

ಬಾದಾಮಿ_ಬಂಡೆ

@ಡಬಲ್_ಪಂಕ್ಚರ್ ಅಜ್ಜನ ಕೆಲಸ ಸರಿಯಾಗಿಯೇ ಇದೆ, ನೀವು ಕೊಟ್ಟ ರಬ್ಬರ್ ತಪ್ಪು. ಮೆದು ರಬ್ಬರ್ ಹಾಳೆ ಕೊಟ್ಟಿದ್ದರೆ ಇವತ್ತಿಗೂ ಓಡುತ್ತಿತ್ತು. ನಾವು ಹತ್ತುವ ಶೂಗಳಿಗೆ ಸೋಲ್ ಬದಲಾಯಿಸುವುದು ಮಾಮೂಲಿ.

ಗ್ಲಾಸ್ಗೋ_ಮಳೆ

ನಮಸ್ಕಾರ, ಸ್ಕಾಟ್‌ಲೆಂಡ್‌ನಿಂದ. ಊರು ಮೈಸೂರು, ಹೊಟ್ಟೆಪಾಡು ಇಲ್ಲಿ. ಇಲ್ಲಿ ವರ್ಷದಲ್ಲಿ ಹೆಚ್ಚು ದಿನ ಸಕಲೇಶಪುರದ ಜುಲೈ ಥರವೇ, ಇಂಬಳ ಒಂದಿಲ್ಲ.

@ಕ್ಲಿಕ್_ಕ್ಲಿಕ್ ಅವರಿಗೆ ಒಂದು ಮಾತು. ಫ್ಲಾಟ್ ಪೆಡಲ್ ಅಂದರೆ ಕಲಿಯುವವರದು ಅಂತ ಅಂದುಕೊಳ್ಳಬೇಡಿ. ಇಲ್ಲೇ ಹತ್ತಿರದ ಫೋರ್ಟ್ ವಿಲಿಯಂನಲ್ಲಿ 2007ರಲ್ಲಿ ಡೌನ್‌ಹಿಲ್ ವಿಶ್ವ ಚಾಂಪಿಯನ್ ಆದ ಆಸ್ಟ್ರೇಲಿಯಾದ ಸ್ಯಾಮ್ ಹಿಲ್ ಫ್ಲಾಟ್ ಪೆಡಲ್‌ನವನೇ. 2017, 2018, 2019 ಮೂರೂ ವರ್ಷ ಎಂಡ್ಯೂರೋ ವರ್ಲ್ಡ್ ಸೀರೀಸ್ ಗೆದ್ದದ್ದೂ ಫ್ಲಾಟ್‌ನಲ್ಲೇ. ಎಂಡ್ಯೂರೋ ಅಂದರೆ ಹತ್ತುವುದೂ ಇದೆ, ಬರೀ ಇಳಿಯುವುದಲ್ಲ.

ದುಡ್ಡಿನ ವಿಷಯಕ್ಕೆ ಬಂದರೆ, ಒಳ್ಳೆ ಶೂ ಹಳೆಯ ಬಣ್ಣದ್ದು ಸೀಸನ್ ಕೊನೆಯಲ್ಲಿ ಅರ್ಧ ಬೆಲೆಗೆ ಬರುತ್ತದೆ. ಊರಿಗೆ ಬರುವ ನಂಟರ ಹತ್ತಿರ ತರಿಸಿಕೊಳ್ಳಿ. ಆದರೆ ಸೈಜ್ ಹುಷಾರು. ನಮ್ಮೂರ ಅಂಗಡಿಯಲ್ಲಿ ಹೇಳುವ 8 ಹೆಚ್ಚಾಗಿ ಯುಕೆ ಸೈಜ್. ಅಮೆರಿಕದಿಂದ 8 ಅಂತ ತರಿಸಿದರೆ ಚಿಕ್ಕದಾಗುತ್ತದೆ. ನನ್ನ ತಮ್ಮನಿಗೆ ಹಾಗೇ ಆಗಿ ಶೂ ಪಕ್ಕದ ಮನೆ ಹುಡುಗನ ಪಾಲಾಯಿತು.

ಕ್ಲಿಕ್_ಕ್ಲಿಕ್

ಸ್ಯಾಮ್ ಹಿಲ್ ಚಪ್ಪಲಿ ಹಾಕಿಕೊಂಡರೂ ಗೆಲ್ಲುತ್ತಾನೆ. ನಾವು ಸ್ಯಾಮ್ ಹಿಲ್ ಅಲ್ವಲ್ಲ.

ಯಲಹಂಕ_ಅಕ್ಕ

ಇದೊಂದು ಮಾತು ಒಪ್ಪಿದೆ.

ಕೆಸರುಗಾಲಿ

ಶೂ, ಪೆಡಲ್ ಎಲ್ಲ ಆಯಿತು, ನಿಲ್ಲುವ ರೀತಿ ಯಾರೂ ಕೇಳಲಿಲ್ಲ. @ತುರಹಳ್ಳಿ_ಧೂಳು ಬಂಡೆ ಇಳಿಯುವಾಗ ನಿಮ್ಮ ಹಿಮ್ಮಡಿ ಎಲ್ಲಿತ್ತು? ಬೆರಳ ತುದಿಯಲ್ಲಿ ನಿಂತಿದ್ದರೆ ಯಾವ ಶೂನೂ ಉಳಿಸುವುದಿಲ್ಲ. ಹಿಮ್ಮಡಿ ಪೆಡಲ್‌ಗಿಂತ ಕೆಳಗೆ ಇಳಿಸಿ, ಮೊಣಕಾಲು ಸ್ವಲ್ಪ ಸಡಿಲ ಬಿಡಿ. ಆಗ ಉಬ್ಬು ಬಡಿದಾಗ ಪೆಡಲ್ ಪಾದಕ್ಕೇ ಒತ್ತಿಕೊಳ್ಳುತ್ತದೆ. ಹೆಬ್ಬೆರಳ ಬುಡದ ಉಬ್ಬು ಪೆಡಲ್ ನಡುವಿನ ಕಂಬಿಯ ಮೇಲೆ, ಇಲ್ಲ ಅದಕ್ಕಿಂತ ಚೂರು ಮುಂದೆ ಇರಲಿ.

ಟೈರ್‌ಗೆ ಗಾಳಿ ಎಷ್ಟು ಹಾಕುತ್ತೀರಿ?

ತುರಹಳ್ಳಿ_ಧೂಳು

50 ಪಿಎಸ್‌ಐ. ಪಂಕ್ಚರ್ ಆಗಬಾರದು ಅಂತ.

ಕೆಸರುಗಾಲಿ

ಅಯ್ಯೋ. ಚೆಂಡಿನ ಮೇಲೆ ಕೂತಿದ್ದೀರಿ. ಟ್ಯೂಬ್ ಇದ್ದರೂ 30 ಹತ್ತಿರ ತನ್ನಿ. ನಿಮ್ಮ ತೂಕ ನೋಡಿಕೊಂಡು ಎರಡು ಮೂರು ಹೆಚ್ಚು ಕಡಿಮೆ. ಅರ್ಧ ಪೆಟ್ಟು ಅಲ್ಲೇ ಕಡಿಮೆಯಾಗುತ್ತದೆ, ಅದಕ್ಕೆ ದುಡ್ಡೂ ಬೇಡ.

ತುರಹಳ್ಳಿ_ಧೂಳು · ಶನಿವಾರ ಮಧ್ಯಾಹ್ನ

ತುರ್ತು. ನೈಲಾನ್ ಪೆಡಲ್ ಬಂದಿದೆ, 1,450. ಬಲಗಡೆಯದು ಬಿಚ್ಚಿ ಹಾಕಿದೆ. ಎಡಗಡೆಯದು ಎಷ್ಟು ತಿರುಗಿಸಿದರೂ ಬಿಚ್ಚುತ್ತಿಲ್ಲ. ಸ್ಪ್ಯಾನರ್‌ಗೆ ಪೈಪ್ ಸಿಕ್ಕಿಸಿ ಅದರ ಮೇಲೆ ನಿಂತೂ ಆಯಿತು. ಇನ್ನೂ ಬಿಗಿಯಾಗುತ್ತಿದೆ.

ಹಳೇಟ್ಯೂಬ್

ನಿಲ್ಲಿಸಿ!! ಎಡಗಡೆ ಪೆಡಲ್‌ನ ತಿರುಪು ಉಲ್ಟಾ. ನೀವು ಬಿಗಿ ಮಾಡುತ್ತಿದ್ದೀರಿ. ತುಳಿಯುವಾಗ ತಾನಾಗೇ ಸಡಿಲ ಆಗದಿರಲಿ ಅಂತ ಒಂದು ಕಡೆ ನೇರ, ಇನ್ನೊಂದು ಕಡೆ ಉಲ್ಟಾ ಮಾಡಿರುತ್ತಾರೆ. ನೆನಪಿಡುವುದು ಸುಲಭ. ಸ್ಪ್ಯಾನರ್ ಪೆಡಲ್ ಮೇಲ್ಗಡೆ ನಿಲ್ಲಿಸಿ ಸೈಕಲ್ ಹಿಂದಿನ ಚಕ್ರದ ಕಡೆ ಎಳೆದರೆ ಎರಡೂ ಕಡೆ ಬಿಚ್ಚುತ್ತದೆ, ಮುಂದಿನ ಚಕ್ರದ ಕಡೆ ಎಳೆದರೆ ಬಿಗಿ. ಹಾಕುವಾಗ ತಿರುಪಿಗೆ ಗ್ರೀಸ್ ಸವರಿ. ಇಲ್ಲದಿದ್ದರೆ ಮುಂದಿನ ವರ್ಷ ಇದೇ ಗೋಳು.

ತುರಹಳ್ಳಿ_ಧೂಳು

ಬಿಚ್ಚಿತು. ಎರಡು ಬೆರಳಿನ ಚರ್ಮ ಹೋಯಿತು. ಥ್ಯಾಂಕ್ಸ್ ಸರ್.

ಚೈನ್_ಎಣ್ಣೆ

ಶೂ ತಗೊಳ್ಳೋಕೆ ಹೋಗುವಾಗ ಒಂದು ಪೆಡಲ್ ಚೀಲದಲ್ಲಿ ಹಾಕಿಕೊಂಡು ಹೋಗಿ. ತಮಾಷೆ ಅಲ್ಲ. ನಾನು ಹಾಗೇ ಮಾಡಿದ್ದು.

ತುರಹಳ್ಳಿ_ಧೂಳು · ಮುಂದಿನ ಸೋಮವಾರ

ಎಲ್ಲರಿಗೂ ವರದಿ ಒಪ್ಪಿಸುತ್ತಿದ್ದೇನೆ.

ಮೊದಲು ತಪ್ಪೊಪ್ಪಿಗೆ. ನೀವೆಲ್ಲ ಬೇಡ ಅಂದರೂ ಭಾನುವಾರ ಬೆಳಿಗ್ಗೆ ಆಸೆ ತಡೆಯದೆ ಅಟ್ಟದ ಮೇಲಿನ ಟ್ರೆಕಿಂಗ್ ಶೂ ಹಾಕಿಕೊಂಡು ಹೋದೆ. ಐದು ವರ್ಷ ಪೆಟ್ಟಿಗೆಯಲ್ಲೇ ಇತ್ತು. ಗೇಟ್ ದಾಟಿ ಅರ್ಧ ಕಿಲೋಮೀಟರ್ ಹೋಗಿಲ್ಲ, ಬಲಗಾಲಿನ ಸೋಲ್ ಪುಡಿಪುಡಿಯಾಗಿ ಮೈಸೂರು ಪಾಕ್ ಥರ ಉದುರಿತು. ಬರೀ ಕಾಲುಚೀಲದಲ್ಲಿ ಪೆಡಲ್ ಪಿನ್ ತುಳಿದುಕೊಂಡು ಮನೆಗೆ ಬಂದೆ.

ಸಂಜೆ ಅಂಗಡಿಗೆ ಹೋದೆ, ಚೀಲದಲ್ಲಿ ಹಳೆಯ ಪೆಡಲ್ ಅಲ್ಲ, ಹೊಸದನ್ನೇ ಬಿಚ್ಚಿ ಇಟ್ಟುಕೊಂಡು. ಬಾಗಿಲಲ್ಲಿ ಸೆಕ್ಯೂರಿಟಿಯವರು ಚೀಲ ತೆಗೆಸಿ "ಏನ್ ಸಾರ್ ಇದು?" ಅಂದರು. ಶೂ ನೋಡೋಕೆ ಅಂದೆ. ಅವರಿಗೆ ಅರ್ಥವಾಗಲಿಲ್ಲ, ಬಿಟ್ಟರು. ಪೆಡಲ್ ನೆಲದ ಮೇಲಿಟ್ಟು ಅಂಗಡಿಯ ಹುಡುಗನ ಭುಜ ಹಿಡಿದುಕೊಂಡು ಒಂದೊಂದೇ ಶೂ ಹಾಕಿ ಮೇಲೆ ನಿಂತೆ. ಪಾದ ಎಡಕ್ಕೆ ಬಲಕ್ಕೆ ತಿರುಚಿ ನೋಡಿದೆ. ನಾಲ್ಕನೆಯದು ಕಚ್ಚಿಕೊಂಡಿತು. ಕಪ್‌ಸೋಲ್, ಪಕ್ಕದಲ್ಲಿ ಹೊಲಿಗೆ, ಕಂದು ಗಮ್ ರಬ್ಬರ್, ಉಗುರು ಒತ್ತಿದರೆ ಗುರುತು. ಹೆಸರೇ ಕೇಳಿರದ ಕಂಪನಿ, 1,899. ಆ ಹುಡುಗ ಕೊನೆಗೆ ಆಸಕ್ತಿಯಿಂದ ತಾನೂ ಒಂದು ಶೂ ಹಾಕಿಕೊಂಡು ನಿಂತು ನೋಡಿದ.

ಇವತ್ತು ಬೆಳಿಗ್ಗೆ ಅದೇ ಬಂಡೆ ಮೂರು ಸಲ ಇಳಿದೆ. ಗಾಳಿ 32, ಹಿಮ್ಮಡಿ ಕೆಳಗೆ. ಮೂರು ಸಲವೂ ಕಾಲು ಅಲ್ಲೇ ಇತ್ತು. ಎಷ್ಟು ಹಿಡಿಯಿತು ಅಂದರೆ ಪಾದ ಸರಿಯಾದ ಜಾಗದಲ್ಲಿ ಇಡದಿದ್ದರೆ ಎತ್ತಿಯೇ ಸರಿಸಬೇಕು, ಜಾರಿಸೋಕೆ ಆಗುವುದಿಲ್ಲ. ಒಂದೇ ಯಡವಟ್ಟು, ಬಲಗಾಲಿನ ಲೇಸ್ ಉದ್ದವಾಗಿ ಚೈನ್‌ಗೆ ಸಿಕ್ಕಿಕೊಂಡಿತು. ಹತ್ತಿರದಲ್ಲಿ ವಾಕಿಂಗ್ ಮಾಡುತ್ತಿದ್ದ ಒಬ್ಬರು ಬಂದು ಪೆಡಲ್ ಹಿಂದಕ್ಕೆ ತಿರುಗಿಸಿ ಬಿಡಿಸಿದರು.

ಯಲಹಂಕ_ಅಕ್ಕ

ಲೇಸ್ ಗಂಟು ಹಾಕಿದ ಮೇಲೆ ಉಳಿದದ್ದನ್ನು ಕೆಳಗಿನ ಎರಡು ಸಾಲಿನ ಲೇಸ್ ಒಳಗೆ ತುರುಕಿಬಿಡಿ. ಇಲ್ಲ ತಲೆಗೆ ಹಾಕುವ ರಬ್ಬರ್ ಬ್ಯಾಂಡ್ ಒಂದು ಸುತ್ತಿಡಿ.

ಲೆಕ್ಕದ_ಮೇಷ್ಟ್ರು

1,450 + 1,899 = 3,349. ನಾನು ಹೇಳಿರಲಿಲ್ಲವಾ?

ಹಳೇಟ್ಯೂಬ್

ಇಂಜೆಕ್ಷನ್ ದುಡ್ಡು ಬಿಟ್ಟಿದ್ದೀರಿ ಮೇಷ್ಟ್ರೇ.

ಬಾದಾಮಿ_ಬಂಡೆ

ಆ ಟ್ರೆಕಿಂಗ್ ಶೂ ಪುಡಿಯಾಗಿದ್ದು ಪಿಯು, ಅಂದರೆ ಪಾಲಿಯುರೆಥೇನ್ ಪ್ಲಾಸ್ಟಿಕ್ ಸೋಲ್ ಇರಬೇಕು. ಬಳಸದೆ ಇಟ್ಟರೂ ಗಾಳಿಯ ತೇವಕ್ಕೆ ಒಳಗೊಳಗೇ ಹಾಳಾಗುತ್ತದೆ. ದುಬಾರಿ ಶೂಗೂ ಹೀಗಾಗುತ್ತದೆ. ಗುಡ್ಡದ ಮೇಲೆ ಆಗಲಿಲ್ಲವಲ್ಲ, ಪುಣ್ಯ.

ಧಾರವಾಡ_ಪೇಡಲ್

ಗಮ್ ಸೋಲ್ ಅಂತ ನಾನೂ ಹೇಳಿದ್ದೆ ರೀ. ಅರ್ಧ ಕ್ರೆಡಿಟ್ ನಂದು.

ಡಬಲ್_ಪಂಕ್ಚರ್

@ತುರಹಳ್ಳಿ_ಧೂಳು ಆ ಗರಗಸದ ಪೆಡಲ್ ಕೊಡುತ್ತೀರಾ? ನನ್ನ ಮಾರ್ಕೆಟ್ ಸೈಕಲ್‌ಗೆ ಒಂದು ಬೇಕಿತ್ತು. ಟೈರ್ ಸೋಲ್ ಇದೆ ನನ್ನ ಹತ್ತಿರ, ಅದಕ್ಕೆ ಏನೂ ಆಗುವುದಿಲ್ಲ.

ತುರಹಳ್ಳಿ_ಧೂಳು

ತಡವಾಯಿತು. ಅಮ್ಮ ಬೆಳಿಗ್ಗೆಯೇ ಗುಜರಿಯವರಿಗೆ ಹಾಕಿಬಿಟ್ಟರು, ಟ್ರೆಕಿಂಗ್ ಶೂ ಜೊತೆಗೇ. ಶೂ ಬೇಡ ಅಂದರಂತೆ. ಪೆಡಲ್‌ಗೆ ಬಂದ ದುಡ್ಡಲ್ಲಿ ಎರಡು ಕಟ್ಟು ಕೊತ್ತಂಬರಿ ಸೊಪ್ಪು ಬಂದಿದೆ.